ನೀರು ಬಿಡಬೇಕಿತ್ತಾ? ಹಣೆಬರಹ, ಸ್ವಂತ ಇಚ್ಛೆ, ಇಲ್ಲ ಎರಡೂ: ಯಾವ ನಿಲುವು ಹಿಡಿಯೋದು

ಕೊಡಗಿನ ನಾಪೋಕ್ಲು ಕಡೆ ನಮಗೆ ಏಳು ಎಕರೆ ರೊಬಸ್ಟಾ ಕಾಫಿ ತೋಟ ಇದೆ. ಕೆಲವು ವರ್ಷಗಳ ಹಿಂದಿನ ಮಾರ್ಚ್ ತಿಂಗಳು. ಮೊಗ್ಗು ಬಲಿತು ನೀರಿಗೆ ಕಾಯುತ್ತಿತ್ತು. ಕೆರೆ ತುಂಬಿತ್ತು. ಸ್ಪ್ರಿಂಕ್ಲರ್ ಪೈಪ್ ಎಳೆದಾಗಿತ್ತು, ಡೀಸೆಲ್ ತಂದಿಟ್ಟಾಗಿತ್ತು. ಅಷ್ಟರಲ್ಲಿ ಬೆಟ್ಟದ ಮೇಲೆ ಮೋಡ ಕಪ್ಪಗೆ ಕಟ್ಟಿತು. ಇವತ್ತೋ ನಾಳೆಯೋ ಮೊಗ್ಗು ಅರಳಿಸುವ ಹೂ ಮಳೆ ಬಂದೇ ಬರುತ್ತೆ, ಸುಮ್ನೆ ಯಾಕೆ ಡೀಸೆಲ್ ಸುಡೋದು ಅಂತ ಎಂಜಿನ್ ಮುಟ್ಟಲಿಲ್ಲ. ಬಂದದ್ದು ಕಾಲು ಇಂಚು. ಒಂದು ಇಂಚಾದರೂ ಬೀಳಬೇಕಾದ ಕಡೆ ಕಾಲು ಇಂಚು ಬಿದ್ದರೆ, ಬೀಳದೆ ಇದ್ದದ್ದಕ್ಕಿಂತ ಕಷ್ಟ. ಮೊಗ್ಗು ಅರೆಬರೆ ಎದ್ದು, ನೀರು ಸಾಲದೆ ಕಮರಿತು.

ಆಮೇಲೆ ಒಂದು ಸಂಜೆ ಜಗಲಿಯಲ್ಲಿ ಇದೇ ಮಾತು ಬಂತು. ಚಿಕ್ಕಪ್ಪ ಎಲೆ ಅಡಿಕೆ ಹಾಕಿಕೊಳ್ಳುತ್ತಾ, "ಬಿಡು ಮಗ, ಹಣೇಲಿ ಬರೆದಿದ್ದು ಅಷ್ಟೇ. ನೀನು ನೀರು ಬಿಟ್ಟಿದ್ರೂ ಇಷ್ಟೇ ಆಗ್ತಿತ್ತು" ಅಂದರು. ನನ್ನ ಹೆಂಡತಿ ಒಳಗಿನಿಂದಲೇ, "ಹಣೆ ಏನ್ಮಾಡ್ತು ಚಿಕ್ಕಮಾವ? ಎಂಜಿನ್ ಹ್ಯಾಂಡಲ್ ಇವರ ಕೈಯಲ್ಲೇ ಇತ್ತಲ್ಲ. ಬಿಡಬಹುದಿತ್ತು, ಬಿಡ್ಲಿಲ್ಲ" ಅಂದಳು. ಅಕ್ಕನ ಗಂಡ, ನಮ್ಮ ಭಾವ, ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಅವರು ನಕ್ಕರು. "ಅದೆಲ್ಲಿ ಬಿಡಬಹುದಿತ್ತು? ಇವನು ಮೋಡ ಕಂಡ್ರೆ ಕಾಯೋನೇ. ಇವನಪ್ಪನೂ ಹಾಗೇ ಇದ್ರು. ಆ ರಕ್ತ, ಆ ಮೋಡ, ಆ ವರ್ಷದ ಸಾಲ ಎಲ್ಲಾ ಸೇರಿದ್ಮೇಲೆ ಇವನಿಂದ ಬೇರೆ ಏನೂ ಆಗ್ತಾನೇ ಇರ್ಲಿಲ್ಲ."

ಎರಡು ಸಾವಿರ ವರ್ಷಕ್ಕಿಂತ ಹಳೆಯ ಜಗಳವೊಂದನ್ನು ಮೂವರೂ ಒಂದು ಲೋಟ ಕಾಫಿ ಮುಗಿಯುವುದರೊಳಗೆ ಆಡಿ ಮುಗಿಸಿದ್ದರು. ನನಗೆ ಮಾತ್ರ ಅದು ಮುಗಿಯಲಿಲ್ಲ. ಆ ಮಳೆಗಾಲ ಪೂರ್ತಿ ಇದನ್ನೇ ಓದಿದೆ. ನಮ್ಮಲ್ಲಿ ಮಳೆಗಾಲ ಉದ್ದ, ಕರೆಂಟು ಕಡಿಮೆ, ಓದುವುದಕ್ಕೆ ಅಡ್ಡಿಯಿಲ್ಲ.

ಪಂಪ್‌ಸೆಟ್ ಕೊಳ್ಳುವ ಮೊದಲು ನಾಲ್ಕು ಕಂಪನಿಯದ್ದನ್ನು ಪಕ್ಕಪಕ್ಕ ಇಟ್ಟು ನೋಡುತ್ತೇವಲ್ಲ, ಈ ಬರಹವೂ ಹಾಗೇ. ಒಂದೇ ತಮಾಷೆ ಅಂದರೆ, ನಿಮಗೆ ಆರಿಸುವ ಶಕ್ತಿ ಇದೆಯೇ ಇಲ್ಲವೇ ಅನ್ನುವುದನ್ನೇ ಇಲ್ಲಿ ಆರಿಸಬೇಕು. ಅದಕ್ಕೆ ನಕ್ಕು ಮುಂದೆ ಹೋಗೋಣ. ಪಂಪ್‌ಸೆಟ್ ಆದರೆ ಎಷ್ಟು ಎತ್ತರಕ್ಕೆ ನೀರು ಎತ್ತಬೇಕು ಅಂತ ಮೊದಲು ಕೇಳುತ್ತೇವೆ. ಇಲ್ಲೂ ಮೊದಲು ಕೇಳಬೇಕಾದ್ದು ಅದೇ: ಈ ನಿಲುವು ನಿಮಗೆ ಯಾವ ಕೆಲಸಕ್ಕೆ ಬೇಕು? ಆಗಿಹೋದದ್ದಕ್ಕೆ ಹಲುಬುವುದಕ್ಕಾ, ಇನ್ನೊಬ್ಬರ ಮೇಲೆ ಸಿಟ್ಟು ಮಾಡಿಕೊಳ್ಳುವುದಕ್ಕಾ, ನಾಳೆ ಏನು ಮಾಡಬೇಕು ಅಂತ ತೀರ್ಮಾನಿಸುವುದಕ್ಕಾ?

ಚಿಕ್ಕಪ್ಪನ ಹಣೆಬರಹ: ಇದನ್ನು ಮೊದಲೇ ಪಕ್ಕಕ್ಕಿಡಿ

ಹಣೆಬರಹಕ್ಕೂ ನಿಯತಿವಾದಕ್ಕೂ ಅರ್ಧ ಜನ ವ್ಯತ್ಯಾಸ ಮಾಡುವುದಿಲ್ಲ. ಗೊಂದಲ ಶುರುವಾಗುವುದೇ ಅಲ್ಲಿಂದ. ನಿಯತಿವಾದ ಹೇಳುವುದು ಇಷ್ಟು: ನಡೆಯುವ ಪ್ರತಿಯೊಂದಕ್ಕೂ ಹಿಂದೆ ಕಾರಣ ಇದೆ, ಆ ಕಾರಣಗಳೆಲ್ಲ ಕೂಡಿದ ಮೇಲೆ ಬೇರೆ ರೀತಿ ನಡೆಯುವಂತಿಲ್ಲ. ಹಣೆಬರಹ ಹೇಳುವುದು ಬೇರೆ: ನೀನು ಏನೇ ಮಾಡು, ಕೊನೆಗೆ ಆಗುವುದು ಅದೇ. ಒಂದರಲ್ಲಿ ನಿಮ್ಮ ಕೆಲಸವೂ ಕಾರಣಗಳ ಸಾಲಿನಲ್ಲಿ ಒಂದು ಕೊಂಡಿ. ಇನ್ನೊಂದರಲ್ಲಿ ನಿಮ್ಮ ಕೆಲಸಕ್ಕೆ ಬೆಲೆಯೇ ಇಲ್ಲ.

ಇದನ್ನು ಹಳೆಯ ಗ್ರೀಕರು "ಸೋಮಾರಿ ವಾದ" ಅಂತಲೇ ಕರೆದರು. ರೋಗಿ ಹೇಳುತ್ತಾನೆ: ನಾನು ಗುಣವಾಗುವುದು ಬರೆದಿದ್ದರೆ ವೈದ್ಯರು ಬಂದರೂ ಬರದಿದ್ದರೂ ಗುಣವಾಗುತ್ತೇನೆ, ಬರೆದಿಲ್ಲದಿದ್ದರೆ ಬಂದರೂ ಆಗುವುದಿಲ್ಲ, ಹಾಗಾದರೆ ವೈದ್ಯರನ್ನು ಯಾಕೆ ಕರೆಯಬೇಕು? ಸ್ಟೋಯಿಕ್ ಪಂಥದ ಕ್ರಿಸಿಪಸ್ ಇದಕ್ಕೆ ಕೊಟ್ಟ ಉತ್ತರ ಚೊಕ್ಕವಾಗಿದೆ. ಗುಣವಾಗುವುದು ಬರೆದಿದ್ದರೆ ವೈದ್ಯರನ್ನು ಕರೆಯುವುದೂ ಅದರ ಜೊತೆಗೇ ಬರೆದಿರುತ್ತದೆ. ನೀರು ಬಿಡದೆ ಹೂ ಕಟ್ಟುವುದನ್ನು ಯಾರೂ ಬರೆದಿಡುವುದಿಲ್ಲ.

ನಮ್ಮ ನೆಲದಲ್ಲೂ ಈ ವಾದಕ್ಕೆ ಹಳೆಯ ಒಡೆಯರಿದ್ದಾರೆ. ಬುದ್ಧನ ಕಾಲದ ಆಜೀವಕ ಪಂಥದ ಗುರು ಮಕ್ಖಲಿ ಗೋಸಾಲ ಅಂಥವನು. ಎಸೆದ ನೂಲಿನ ಉಂಡೆ ತನ್ನ ನೂಲು ಮುಗಿಯುವವರೆಗೆ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ, ಮೂರ್ಖನೂ ಪಂಡಿತನೂ ಹಾಗೇ ಅಲೆದು ಅಲೆದು ಕೊನೆಗೆ ದುಃಖದಿಂದ ಬಿಡುಗಡೆಯಾಗುತ್ತಾರೆ, ಯಾರ ಪ್ರಯತ್ನಕ್ಕೂ ಅದು ಬಗ್ಗುವುದಿಲ್ಲ ಅಂತ ಅವನ ಮಾತನ್ನು ಬೌದ್ಧ ಗ್ರಂಥಗಳು ಹೇಳುತ್ತವೆ. ಯೋಗವಾಸಿಷ್ಠ ಅನ್ನುವ ಸಂಸ್ಕೃತ ಗ್ರಂಥ ಇದಕ್ಕೆ ತದ್ವಿರುದ್ಧ. ಅದರ ಪ್ರಕಾರ ದೈವ ಅನ್ನುವುದು ನಮ್ಮದೇ ಹಳೆಯ ಪ್ರಯತ್ನದ ಫಲ. ಹಳೆಯ ಪ್ರಯತ್ನವೂ ಹೊಸ ಪ್ರಯತ್ನವೂ ಎರಡು ಟಗರುಗಳ ಹಾಗೆ ಗುದ್ದಾಡುತ್ತವೆ, ಜಾಸ್ತಿ ಬಲ ಇದ್ದದ್ದು ಗೆಲ್ಲುತ್ತದೆ. ನನಗೆ ಟಗರೇ ಇಷ್ಟ.

ಇನ್ನೊಂದು ಗೊಂದಲವನ್ನೂ ಇಲ್ಲೇ ತೀರಿಸಿಬಿಡುತ್ತೇನೆ. ಮೊದಲೇ ಗೊತ್ತಿರುವುದಕ್ಕೂ ಒತ್ತಾಯಕ್ಕೂ ಸಂಬಂಧ ಇಲ್ಲ. ತಲಕಾವೇರಿಯ ತೀರ್ಥೋದ್ಭವದ ಗಳಿಗೆಯನ್ನು ಪಂಚಾಂಗ ಮುಂಚೆಯೇ ಹೇಳುತ್ತದೆ. ಸೂರ್ಯ ತುಲಾ ರಾಶಿಗೆ ಹೋಗುವ ಹೊತ್ತನ್ನು ಗಂಟೆ ನಿಮಿಷ ಹಾಕಿ ಬರೆದಿರುತ್ತಾರೆ. ಹಾಗಂತ ಪಂಚಾಂಗವೇನೂ ಸೂರ್ಯನನ್ನು ತಳ್ಳುವುದಿಲ್ಲ. ನಾನು ಮೋಡ ಕಂಡರೆ ಕಾಯುತ್ತೇನೆ ಅಂತ ಭಾವನಿಗೆ ಮೊದಲೇ ಗೊತ್ತಿತ್ತು. ಹಾಗಂತ ಭಾವ ನನ್ನ ಕೈ ಹಿಡಿದಿರಲಿಲ್ಲ.

ಭಾವನ ನಿಲುವು: ಎಲ್ಲಕ್ಕೂ ಕಾರಣ ಇದೆ, ಆದ್ದರಿಂದ ಸ್ವಾತಂತ್ರ್ಯ ಇಲ್ಲ

ಇದನ್ನು ಕಟ್ಟಾ ನಿಯತಿವಾದ ಅನ್ನಿ. ಇದರ ಬಲ ದೊಡ್ಡದು. ಫ್ರೆಂಚ್ ಗಣಿತಜ್ಞ ಲಾಪ್ಲಾಸ್ 1814ರಲ್ಲಿ ಒಂದು ಮಹಾಬುದ್ಧಿಯನ್ನು ಕಲ್ಪಿಸಿಕೊಂಡ. ಈ ಕ್ಷಣದಲ್ಲಿ ಜಗತ್ತಿನ ಪ್ರತಿ ವಸ್ತು ಎಲ್ಲಿದೆ, ಅದರ ಮೇಲೆ ಯಾವ ಬಲ ಇದೆ ಅನ್ನುವುದು ಆ ಬುದ್ಧಿಗೆ ಗೊತ್ತಿದ್ದರೆ, ಮುಂದಿನದೂ ಹಿಂದಿನದೂ ಅದರ ಕಣ್ಣ ಮುಂದೆಯೇ ಇರುತ್ತದೆ. ಕಾಫಿ ಗಿಡಕ್ಕೆ ಸಾಕಷ್ಟು ನೀರು ಬಿದ್ದ ಮೇಲೆ ಒಂದು ವಾರ ಹತ್ತು ದಿನದೊಳಗೆ ಇಡೀ ಗುಡ್ಡ ಒಟ್ಟಿಗೆ ಬೆಳ್ಳಗಾಗುತ್ತದೆ. ಗಿಡ ಯೋಚನೆ ಮಾಡುವುದಿಲ್ಲ. ನಾವೂ ಅಷ್ಟೇ, ಸ್ವಲ್ಪ ಗೋಜಲಾದ ಗಿಡಗಳು ಅನ್ನುತ್ತಾರೆ ಇವರು.

ನನಗೆ ಅನ್ನಿಸುತ್ತದಲ್ಲ, ನಾನೇ ತೀರ್ಮಾನ ಮಾಡಿದೆ ಅಂತ? ಅದಕ್ಕೆ ಡಚ್ ತತ್ವಜ್ಞಾನಿ ಸ್ಪಿನೋಜ 1674ರ ಒಂದು ಪತ್ರದಲ್ಲಿ ಉತ್ತರ ಬರೆದಿದ್ದಾನೆ. ಎಸೆದ ಕಲ್ಲಿಗೆ ನಡುದಾರಿಯಲ್ಲಿ ಪ್ರಜ್ಞೆ ಬಂದರೆ, ತನ್ನ ಇಷ್ಟದಿಂದಲೇ ಹಾರುತ್ತಿದ್ದೇನೆ ಅಂತ ಅದು ನಂಬುತ್ತದೆ. ಆಸೆ ಗೊತ್ತು, ಆಸೆಯ ಹಿಂದಿನ ಕಾರಣ ಗೊತ್ತಿಲ್ಲ.

ಈ ಕಡೆಯ ಗಟ್ಟಿ ತರ್ಕವನ್ನು 1983ರಲ್ಲಿ ಅಮೆರಿಕದ ತತ್ವಜ್ಞಾನಿ ಪೀಟರ್ ವ್ಯಾನ್ ಇನ್ವಾಗನ್ ಕಟ್ಟಿಕೊಟ್ಟರು. ನಿಯತಿವಾದ ನಿಜವಾದರೆ ನನ್ನ ಇವತ್ತಿನ ಕೆಲಸ ಎರಡರಿಂದ ಹುಟ್ಟುತ್ತದೆ: ನಾನು ಹುಟ್ಟುವುದಕ್ಕೆ ಮೊದಲಿನ ಜಗತ್ತು, ಮತ್ತು ಪ್ರಕೃತಿಯ ನಿಯಮಗಳು. ಹಳೆಯ ಜಗತ್ತು ನನ್ನ ಕೈಯಲ್ಲಿಲ್ಲ. ನಿಯಮಗಳೂ ಇಲ್ಲ. ಇವೆರಡರಿಂದ ಹುಟ್ಟಿದ್ದು ಮಾತ್ರ ನನ್ನ ಕೈಯಲ್ಲಿ ಹೇಗಿರುತ್ತದೆ? ಓದಿದ ರಾತ್ರಿ ನಿದ್ದೆ ಬರಲಿಲ್ಲ ಅಂದರೆ ಸುಳ್ಳಾಗುತ್ತದೆ, ಬಂತು. ಆದರೆ ಬೆಳಗ್ಗೆ ಎದ್ದಾಗಲೂ ಉತ್ತರ ಹೊಳೆದಿರಲಿಲ್ಲ. ಅಂದಹಾಗೆ, ವ್ಯಾನ್ ಇನ್ವಾಗನ್ ಭಾವನ ಪಕ್ಷದವರಲ್ಲ. ಸ್ವಾತಂತ್ರ್ಯವೂ ನಿಯತಿಯೂ ಒಟ್ಟಿಗೆ ಇರಲಾರವು ಅನ್ನುವುದಷ್ಟೇ ಅವರ ತರ್ಕ. ಅವರು ಕೈಬಿಟ್ಟದ್ದು ನಿಯತಿಯನ್ನು.

ಮಿದುಳಿನ ಪ್ರಯೋಗಗಳನ್ನೂ ಈ ಕಡೆಯವರು ಎತ್ತಿ ತೋರಿಸುತ್ತಾರೆ. 1983ರಲ್ಲೇ ಅಮೆರಿಕದ ಮಿದುಳು ವಿಜ್ಞಾನಿ ಬೆಂಜಮಿನ್ ಲಿಬೆಟ್ ಜನರನ್ನು ಕೂರಿಸಿ, ನಿಮಗೆ ಬೇಕೆನಿಸಿದಾಗ ಕೈ ಅಲ್ಲಾಡಿಸಿ, ಬೇಕು ಅನ್ನಿಸಿದ ಕ್ಷಣವನ್ನು ಗಡಿಯಾರ ನೋಡಿ ಹೇಳಿ ಅಂದರು. ಕೈ ಆಡುವ ಸುಮಾರು 550 ಮಿಲಿಸೆಕೆಂಡ್ ಮೊದಲೇ ಮಿದುಳಲ್ಲಿ ತಯಾರಿಯ ಸಂಕೇತ ಏಳುತ್ತಿತ್ತು. ಬೇಕು ಅನ್ನಿಸಿದ್ದು ಸುಮಾರು 200 ಮಿಲಿಸೆಕೆಂಡ್ ಮೊದಲು. ಅಂದರೆ ಮಿದುಳು ಮೊದಲು, ಮನಸ್ಸು ಆಮೇಲೆ. ಇದನ್ನು ಕೇಳಿ "ಸ್ವಂತ ಇಚ್ಛೆ ಸತ್ತಿತು" ಅಂತ ಬರೆದವರು ಬಹಳ. ನನಗೆ ಅಷ್ಟು ಅವಸರ ಇಲ್ಲ. ಲಿಬೆಟ್ ಅವರೇ ಕೊನೆಯ ಗಳಿಗೆಯಲ್ಲಿ ಬೇಡ ಅನ್ನುವ ಶಕ್ತಿ ಮನಸ್ಸಿಗೆ ಇದೆ ಅಂತ ನಂಬಿದ್ದರು. 2012ರಲ್ಲಿ ಆರನ್ ಶುರ್ಗರ್ ಮತ್ತು ಜೊತೆಯವರು ಆ ಸಂಕೇತವನ್ನು ಬೇರೆ ರೀತಿ ಓದಿದರು. ಅದು ತೀರ್ಮಾನವೇ ಆಗಬೇಕಿಲ್ಲ, ಸದಾ ಏರಿಳಿಯುವ ಮಿದುಳಿನ ಗದ್ದಲ ಒಂದು ಗಡಿ ದಾಟುವುದು ಅಷ್ಟೇ ಇರಬಹುದು ಅಂದರು. ಅದಲ್ಲದೆ, ಸುಮ್ಮನೆ ಬೆರಳು ಎತ್ತುವುದೂ ನೀರು ಬಿಡಲೋ ಬೇಡವೋ ಅಂತ ಮೂರು ದಿನ ಒದ್ದಾಡುವುದೂ ಒಂದೇ ಅಲ್ಲ ಅಲ್ವಾ?

ಈ ನಿಲುವು ಪಶ್ಚಾತ್ತಾಪಕ್ಕೆ ಒಳ್ಳೆಯ ಮದ್ದು. ಭಾವನ ಮಾತು ಕೇಳಿ ನನಗೆ ನಿಜಕ್ಕೂ ಹಗುರಾಯಿತು. ನಾಳೆಯ ತೀರ್ಮಾನಕ್ಕೆ ಮಾತ್ರ ಇದು ಬರುವುದಿಲ್ಲ. ನಾಳೆ ಬೆಳಗ್ಗೆ ಎಂಜಿನ್ ಎದುರು ನಿಂತು "ನನ್ನ ರಕ್ತ ಏನು ಮಾಡಿಸುತ್ತೆ ನೋಡೋಣ" ಅಂತ ಕಾಯುವುದಕ್ಕೆ ಆಗುವುದಿಲ್ಲ. ಕಾಯುವುದೂ ಒಂದು ತೀರ್ಮಾನವೇ. ಸಿಟ್ಟಿನ ವಿಷಯ ಇನ್ನೂ ಕಷ್ಟ. ಭಾವ ಜಗಲಿಯಲ್ಲಿ ಇಷ್ಟೆಲ್ಲ ಹೇಳಿದವರು, ತಮ್ಮ ಬೈಕ್ ತೆಗೆದುಕೊಂಡು ಹೋಗಿ ಗೀಚಿಸಿಕೊಂಡು ಬಂದ ಮಗನಿಗೆ ಮರುದಿನ ಬೈದದ್ದನ್ನು ಕೇಳಿದ್ದೇನೆ.

ಮನೆಯವಳ ನಿಲುವು: ಬಿಡಬಹುದಿತ್ತು, ಬಿಡಲಿಲ್ಲ

ಎಲ್ಲ ಕಾರಣಗಳೂ ಹಾಗೇ ಇದ್ದು, ಅದೇ ಮೋಡ ಅದೇ ಸಾಲ ಅದೇ ಮನಸ್ಸು ಇದ್ದೂ, ನಾನು ಬೇರೆ ಮಾಡಬಹುದಿತ್ತು ಅನ್ನುವುದು ಪೂರ್ಣ ಸ್ವಾತಂತ್ರ್ಯದ ನಿಲುವು. ನಮಗೆಲ್ಲ ಒಳಗಿನಿಂದ ಅನ್ನಿಸುವುದು ಇದೇ. ಕವಲು ದಾರಿಯಲ್ಲಿ ನಿಂತಾಗ ಎರಡೂ ದಾರಿ ತೆರೆದೇ ಕಾಣುತ್ತವೆ.

ತೊಂದರೆ ಎಲ್ಲಿದೆ ಅಂದರೆ, ಕಾರಣದ ಸರಪಳಿ ಎಲ್ಲೋ ಒಂದು ಕಡೆ ಕಡಿಯಬೇಕು. ಕಡಿದ ಜಾಗದಲ್ಲಿ ಏನಿದೆ? ಕೆಲವರು ಅಣುವಿನೊಳಗಿನ ಅನಿಶ್ಚಿತತೆ ತೋರಿಸುತ್ತಾರೆ. ವಿಕಿರಣ ಸೂಸುವ ಒಂದು ಪರಮಾಣು ಯಾವ ಗಳಿಗೆಯಲ್ಲಿ ಒಡೆಯುತ್ತದೆ ಅಂತ ಭೌತಶಾಸ್ತ್ರವೂ ಹೇಳಲಾರದು, ನಿಜ. ಆದರೆ ನನ್ನ ತಲೆಯೊಳಗೆ ಯಾವುದೋ ಕಣ ಸುಮ್ನೆ ಆಕಡೆ ಬದಲು ಈಕಡೆ ಹಾರಿ, ಅದರಿಂದ ನಾನು ಎಂಜಿನ್ ಸ್ಟಾರ್ಟ್ ಮಾಡಿದರೆ, ಅದು ನನ್ನ ತೀರ್ಮಾನವಾ? ಅದು ಲಾಟರಿ. ರಾಬರ್ಟ್ ಕೇನ್ ಅವರಂಥ ತತ್ವಜ್ಞಾನಿಗಳು ಇದಕ್ಕೆ ಬುದ್ಧಿವಂತಿಕೆಯ ಉತ್ತರ ಕೊಟ್ಟಿದ್ದಾರೆ. ಎರಡು ಆಸೆ ಒಳಗೆ ಗುದ್ದಾಡುವಾಗ ಎರಡೂ ನನ್ನವೇ, ಯಾವುದು ಗೆದ್ದರೂ ನಾನೇ ಪ್ರಯತ್ನಪಟ್ಟು ಗೆದ್ದ ಹಾಗೆ ಅನ್ನುತ್ತಾರೆ. ಮತ್ತೆ ಟಗರು ಬಂತು ನೋಡಿ. ಆದರೂ ಯಾವ ಟಗರು ಯಾಕೆ ಗೆದ್ದಿತು ಅಂತ ಕೇಳಿದರೆ ಉತ್ತರ ಇಲ್ಲ.

ಇನ್ನೂ ಒಂದು ಮಾತು ಇದೆ. ಈ ನಿಲುವು ಬೈಯುವುದಕ್ಕೆ ತುಂಬ ಅನುಕೂಲ. ಮನೆಯವಳು ಇದನ್ನು ಓದುತ್ತಾಳೆ, ಆದ್ದರಿಂದ ಇಲ್ಲಿಗೆ ನಿಲ್ಲಿಸುತ್ತೇನೆ.

ಎರಡೂ ಹೊಂದುತ್ತವೆ ಅನ್ನುವವರು

ಭಾವನೂ ಮನೆಯವಳೂ ಒಂದು ಮಾತಿನಲ್ಲಿ ಒಂದೇ: ನಿಯತಿ ಇದ್ದರೆ ಸ್ವಾತಂತ್ರ್ಯ ಇರುವುದಿಲ್ಲ. ಆ ಮಾತನ್ನೇ ಒಪ್ಪದವರು ಹೊಂದಾಣಿಕೆಯ ನಿಲುವಿನವರು. ಇವರ ಸಂಖ್ಯೆ ಸಣ್ಣದಲ್ಲ. 2020ರ ಫಿಲ್‌ಪೇಪರ್ಸ್ ಸಮೀಕ್ಷೆಯಲ್ಲಿ ಉತ್ತರಿಸಿದ ತತ್ವಶಾಸ್ತ್ರದವರಲ್ಲಿ ನೂರಕ್ಕೆ ಸುಮಾರು 59 ಮಂದಿ ಈ ಕಡೆ ವಾಲಿದರು. ಪೂರ್ಣ ಸ್ವಾತಂತ್ರ್ಯದ ಕಡೆ ಸುಮಾರು 19, ಸ್ವಾತಂತ್ರ್ಯವೇ ಇಲ್ಲ ಅನ್ನುವ ಕಡೆ ಸುಮಾರು 11.

1651ರಲ್ಲಿ ಇಂಗ್ಲಿಷ್ ತತ್ವಜ್ಞಾನಿ ಥಾಮಸ್ ಹಾಬ್ಸ್ ನೀರಿನ ಉದಾಹರಣೆ ಕೊಟ್ಟ. ಕಾಲುವೆಯಲ್ಲಿ ಇಳಿಯುವ ನೀರಿಗೆ ಸ್ವಾತಂತ್ರ್ಯವೂ ಇದೆ, ಇಳಿಯಲೇಬೇಕಾದ ಅನಿವಾರ್ಯವೂ ಇದೆ, ಎರಡಕ್ಕೂ ಜಗಳ ಇಲ್ಲ ಅಂದ. ಇದನ್ನು ನಮ್ಮ ಕಾವೇರಿಗೆ ಹಚ್ಚಿ ನೋಡಿ. ಬ್ರಹ್ಮಗಿರಿಯಿಂದ ಪಡುವಣ ಕಡಲು ಹತ್ತಿರ. ಆದರೂ ಕಾವೇರಿ ಮೂಡಣಕ್ಕೆ ತಿರುಗಿ, ಭಾಗಮಂಡಲದಲ್ಲಿ ಕನ್ನಿಕೆಯನ್ನು ಕೂಡಿಕೊಂಡು, ಎರಡು ರಾಜ್ಯ ದಾಟಿ ಬಂಗಾಳ ಕೊಲ್ಲಿಗೆ ಹೋಗುತ್ತಾಳೆ. ನೆಲದ ಇಳಿಜಾರು ಹಾಗಿದೆ. ಇಳಿಜಾರು ಕಾವೇರಿಯ ಸ್ವಾತಂತ್ರ್ಯ ಕಿತ್ತುಕೊಂಡಿತು ಅಂತ ಯಾರೂ ಹೇಳುವುದಿಲ್ಲ. ಅಣೆಕಟ್ಟು ಕಿತ್ತುಕೊಳ್ಳುತ್ತದೆ. ನಮ್ಮ ಸ್ವಭಾವ, ಆಸೆ, ಲೆಕ್ಕಾಚಾರ ನಮ್ಮ ಇಳಿಜಾರು. ಬೆನ್ನಿಗೆ ಹಿಡಿದ ಕೋವಿ, ಬೀಗ ಹಾಕಿದ ಬಾಗಿಲು, ಬಿಡದ ಕುಡಿತ ಇವೆಲ್ಲ ಅಣೆಕಟ್ಟು.

ಆದರೆ ಮನುಷ್ಯ ನೀರಿಗಿಂತ ಸ್ವಲ್ಪ ಜಾಸ್ತಿ. ಇದನ್ನು ಹಿಡಿದದ್ದು ಅಮೆರಿಕದ ತತ್ವಜ್ಞಾನಿ ಹ್ಯಾರಿ ಫ್ರಾಂಕ್‌ಫರ್ಟ್, 1971ರಲ್ಲಿ. ನಮಗೆ ಆಸೆ ಇರುತ್ತದೆ, ಆ ಆಸೆಯ ಬಗ್ಗೆಯೂ ಒಂದು ಆಸೆ ಇರುತ್ತದೆ. ನಮ್ಮ ತೋಟದಲ್ಲಿ ಹಿಂದೆ ಇದ್ದ ಒಬ್ಬರು ಶನಿವಾರ ಬಟವಾಡೆ ಆದ ಕೂಡಲೇ ಕುಡಿಯುತ್ತಿದ್ದರು. ಭಾನುವಾರ ಬೆಳಗ್ಗೆ ಲೈನ್ ಮನೆ (ತೋಟದ ಕೆಲಸದವರ ಸಾಲುಮನೆ) ಮೆಟ್ಟಿಲಲ್ಲಿ ಕೂತು, "ಬೇಕು ಬೇಕು ಅನ್ಸೋದೇ ಬೇಡ ಅಣ್ಣ ನಂಗೆ" ಅನ್ನುತ್ತಿದ್ದರು. ಫ್ರಾಂಕ್‌ಫರ್ಟ್ ಇಡೀ ಲೇಖನದಲ್ಲಿ ಹೇಳಿದ್ದು ಆ ಒಂದು ವಾಕ್ಯವನ್ನೇ. ಕುಡಿಯುವುದೇ ಬೇಕು, ಆ ಬೇಕು ಅನ್ನುವುದೂ ನನಗೆ ಒಪ್ಪಿಗೆ ಅನ್ನುವವನಿಗೂ ಇವರಿಗೂ ವ್ಯತ್ಯಾಸ ಇದೆ. ಕಾರಣದ ಸರಪಳಿ ಇಬ್ಬರಿಗೂ ಇದೆ. ಸ್ವಾತಂತ್ರ್ಯ ತಪ್ಪಿದ್ದು ಒಬ್ಬರಿಗೆ.

ಕನ್ನಡ ಇದನ್ನು ವ್ಯಾಕರಣದಲ್ಲೇ ಇಟ್ಟುಕೊಂಡಿದೆ ಅಂತ ನನಗೆ ಅನ್ನಿಸುವುದು. "ನನಗೆ ಕೋಪ ಬಂತು" ಅನ್ನುತ್ತೇವೆ. "ನನಗೆ ಹಸಿವಾಯಿತು, ನನಗೆ ಬೇಕು ಅನ್ನಿಸಿತು, ನನಗೆ ನೆನಪಾಯಿತು." ಇವೆಲ್ಲ ನನ್ನ ಕಡೆಗೆ ಬರುತ್ತವೆ, ವಿರಾಜಪೇಟೆ ಬಸ್ಸಿನ ಹಾಗೆ. ನಾನು ನಿಂತಿದ್ದೇನೆ, ಅದು ಬಂತು. ಆದರೆ "ನಾನು ಹೊಡೆದೆ, ನಾನು ತಿಂದೆ, ನಾನು ಹೇಳಿದೆ." ಇಲ್ಲಿ "ನನಗೆ" ಅಂತ ಹೇಳಿ ತಪ್ಪಿಸಿಕೊಳ್ಳುವುದಕ್ಕೆ ಆಗುವುದಿಲ್ಲ. ಕೋಪ ಬರುವುದು ನನ್ನ ಕೈಯಲ್ಲಿಲ್ಲ, ಹೊಡೆತ ನನ್ನದು. ಮನುಷ್ಯ ತನಗೆ ಬೇಕಾದದ್ದನ್ನು ಮಾಡಬಲ್ಲ, ಆದರೆ ಏನು ಬೇಕಾಗಬೇಕು ಅನ್ನುವುದನ್ನು ತಾನೇ ಆರಿಸಲಾರ ಅನ್ನುವ ಅರ್ಥದ ಮಾತನ್ನು 1839ರಲ್ಲಿ ಶೋಪನ್‌ಹೌವರ್ ಒಂದು ಬಹುಮಾನದ ಪ್ರಬಂಧದಲ್ಲಿ ವಾದಿಸಿ ಬರೆಯಬೇಕಾಯಿತು. ನಮ್ಮಲ್ಲಿ ಮೂರು ವರ್ಷದ ಮಗುವೂ ವಿಭಕ್ತಿ ಬದಲಿಸಿ ಹೇಳುತ್ತದೆ. ಜೊತೆಗೆ "ಬೇಕಂತಲೇ ಮಾಡಿದ", "ಕೈ ತಪ್ಪಿ ಬಿತ್ತು", "ಬಾಯಿ ತಪ್ಪಿ ಬಂತು" ಅಂತ ಬೇರೆ ಬೇರೆ ಡಬ್ಬಿಗಳನ್ನೂ ಇಟ್ಟಿದ್ದೇವೆ. ಬೇಕಂತಲೇ ಮಾಡಿದ ಅನ್ನುವಾಗ ಆ ಬೇಕು ಎಲ್ಲಿಂದ ಬಂತು ಅಂತ ಯಾರೂ ಹುಟ್ಟಿನವರೆಗೆ ಹೋಗಿ ಕೇಳುವುದಿಲ್ಲ.

"ಬೇರೆ ಮಾಡಬಹುದಿತ್ತಾ?" ಅನ್ನುವ ಪ್ರಶ್ನೆಯನ್ನೂ ಇವರು ಸಡಿಲ ಮಾಡುತ್ತಾರೆ. 2018ರ ಆಗಸ್ಟ್ ಕೊಡಗಿನಲ್ಲಿ ಯಾರಿಗೂ ಮರೆತಿಲ್ಲ. ಗುಡ್ಡಗಳು ಜಾರಿದವು, ಜೋಡುಪಾಲದ ಕಡೆ ಕುಸಿದು, ಸುಳ್ಯಕ್ಕೆ ಹೋಗುವ ಮಡಿಕೇರಿ–ಸಂಪಾಜೆ ರಸ್ತೆ ಬಂದ್ ಆಯಿತು. ಹೀಗೆ ಇಟ್ಟುಕೊಳ್ಳಿ: ಆ ರಾತ್ರಿ ನೀವು ಮಡಿಕೇರಿಯಲ್ಲಿ ನೆಂಟರ ಮನೆಯಲ್ಲಿದ್ದೀರಿ. ಮಳೆ ಜೋರಿದೆ, ಅಜ್ಜಿಗೆ ಹುಷಾರಿಲ್ಲ, ಸುಳ್ಯಕ್ಕೆ ಇವತ್ತು ಹೋಗುವುದಿಲ್ಲ, ಇಲ್ಲೇ ಉಳಿಯುತ್ತೇನೆ ಅಂತ ತೀರ್ಮಾನಿಸಿದಿರಿ. ರಸ್ತೆ ಹೋಗಿದೆ ಅನ್ನುವುದು ನಿಮಗೆ ಗೊತ್ತಿಲ್ಲ. ಬೇರೆ ಮಾಡುವುದಕ್ಕೆ ದಾರಿಯೇ ಇರಲಿಲ್ಲ. ಆದರೂ ಉಳಿದದ್ದು ನಿಮ್ಮ ಇಷ್ಟದಿಂದ, ಅಜ್ಜಿಗಾಗಿ. ಅಜ್ಜಿ ನಿಮ್ಮನ್ನು ಹೊಗಳಿದರೆ ತಪ್ಪೇನಿಲ್ಲ. ಬೀಗ ಹಾಕಿದ ಕೋಣೆಯಲ್ಲಿ ಖುಷಿಯಿಂದ ಕೂತ ಮನುಷ್ಯನ ಕಥೆಯಾಗಿ ಇದನ್ನು ಹದಿನೇಳನೆಯ ಶತಮಾನದಲ್ಲಿ ಜಾನ್ ಲಾಕ್ ಹೇಳಿದ. 1969ರಲ್ಲಿ ಫ್ರಾಂಕ್‌ಫರ್ಟ್ ಇದನ್ನು ಹರಿತ ಮಾಡಿದರು. ಹೊಣೆ ಹೊರುವುದಕ್ಕೆ ಇನ್ನೊಂದು ದಾರಿ ಇರಲೇಬೇಕು ಅಂತಿಲ್ಲ ಅಂದರು.

ಈಗ ಸಿಟ್ಟಿನ ವಿಷಯ. ನನ್ನ ಮಟ್ಟಿಗೆ ಇಡೀ ಚರ್ಚೆಯಲ್ಲಿ ಒಳ್ಳೆಯ ಭಾಗ ಇದೇ. 1962ರಲ್ಲಿ ಪೀಟರ್ ಸ್ಟ್ರಾಸನ್ ಅನ್ನುವ ಇಂಗ್ಲಿಷ್ ತತ್ವಜ್ಞಾನಿ, ಇದನ್ನು ಭೌತಶಾಸ್ತ್ರದಲ್ಲಿ ಹುಡುಕಬೇಡಿ, ನಾವು ಒಬ್ಬರ ಮೇಲೊಬ್ಬರು ಹೇಗೆ ಮುನಿಸಿಕೊಳ್ಳುತ್ತೇವೆ ನೋಡಿ ಅಂದರು. ಹಲಸು ಹಣ್ಣಾಗುವ ಕಾಲದಲ್ಲಿ ಆನೆ ತೋಟಕ್ಕೆ ನುಗ್ಗುತ್ತದೆ. ಬೇಲಿ ಮುರಿಯುತ್ತದೆ, ಬಾಳೆ ತಿನ್ನುತ್ತದೆ, ಹತ್ತು ವರ್ಷದ ಕಾಫಿ ಗಿಡ ಮೆಟ್ಟಿ ಹೋಗುತ್ತದೆ. ನಮಗೆ ಭಯ ಆಗುತ್ತದೆ, ನಷ್ಟ ಆಗುತ್ತದೆ, ಪಟಾಕಿ ಹಚ್ಚುತ್ತೇವೆ. ಆದರೆ "ಇವತ್ತಿಂದ ಆ ಆನೆ ಜೊತೆ ಮಾತು ಬಿಟ್ಟೆ" ಅಂತ ಯಾರೂ ಹೇಳುವುದಿಲ್ಲ. ಪಕ್ಕದ ತೋಟದವರು ಗೊತ್ತಿದ್ದೂ ದನ ಬಿಟ್ಟು ನಮ್ಮ ಗದ್ದೆ ಮೇಯಿಸಿದರೆ? ನಷ್ಟ ಆನೆಯ ಕಾಲು ಭಾಗವೂ ಇರುವುದಿಲ್ಲ. ಮಾತು ಮಾತ್ರ ಎರಡು ತಲೆಮಾರು ನಿಲ್ಲುತ್ತದೆ.

ಯಾಕೆ ಹೀಗೆ? ಪಕ್ಕದವರನ್ನು ನಾವು ಮನುಷ್ಯರ ಲೆಕ್ಕಕ್ಕೆ ಹಿಡಿದಿದ್ದೇವೆ. ಕಾರಣ ಹೇಳಿದರೆ ಕೇಳಬಲ್ಲವರು, ತಪ್ಪಾಯಿತು ಅನ್ನಬಲ್ಲವರು ಅಂತ. ಸಣ್ಣ ಮಗು, ಬುದ್ಧಿ ಸ್ಥಿಮಿತದಲ್ಲಿ ಇಲ್ಲದವರು, ಜ್ವರದಲ್ಲಿ ಬಡಬಡಿಸುವವರು ಏನಾದರೂ ಮಾಡಿದರೆ ಈ ಮುನಿಸನ್ನು ನಾವೇ ಹಿಂದಕ್ಕೆ ತೆಗೆದುಕೊಳ್ಳುತ್ತೇವೆ. ಜಗತ್ತಿನಲ್ಲಿ ಎಲ್ಲಕ್ಕೂ ಕಾರಣ ಇದೆ ಅಂತ ನಾಳೆ ಯಾರೋ ರುಜುವಾತು ಮಾಡಿದರೂ ಪಕ್ಕದವರು ಆನೆ ಆಗುವುದಿಲ್ಲ. ಅದೇ ಸ್ಟ್ರಾಸನ್ ವಾದದ ತಿರುಳು.

ಕಾನೂನು ನಡೆಯುವುದೂ ಇದೇ ದಾರಿಯಲ್ಲಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹೊಣೆಯಿಂದ ಬಿಡುವ ಸೆಕ್ಷನ್‌ಗಳಿವೆ: 20ನೇದು ಏಳು ವರ್ಷದೊಳಗಿನ ಮಗುವಿನ ಬಗ್ಗೆ, 22ನೇದು ಮನಸ್ಸು ಸ್ವಸ್ಥ ಇಲ್ಲದವರ ಬಗ್ಗೆ, 23ನೇದು ತನಗೆ ಗೊತ್ತಿಲ್ಲದೆ ಅಥವಾ ಮನಸ್ಸಿಲ್ಲದೆ ಅಮಲು ಕೊಡಿಸಿಕೊಂಡವರ ಬಗ್ಗೆ. ಏನು ಮಾಡುತ್ತಿದ್ದೇನೆ, ಅದು ತಪ್ಪಾ ಅಂತ ತಿಳಿಯುವ ಶಕ್ತಿ ಇತ್ತೇ ಅಂತ ಕಾನೂನು ಕೇಳುತ್ತದೆ. ಜಗತ್ತು ಹುಟ್ಟಿದಾಗಲೇ ಇದು ತೀರ್ಮಾನವಾಗಿತ್ತೇ ಅಂತ ಯಾವ ಜಡ್ಜೂ ಕೇಳುವುದಿಲ್ಲ.

ಘಟ್ಟದ ಕೆಳಗಿನ ಮಧ್ವಾಚಾರ್ಯರದ್ದೂ ಒಂದು ಬಗೆಯ ಹೊಂದಾಣಿಕೆಯೇ ಅಂತ ನನ್ನ ಓದು. ಅವರ ಲೆಕ್ಕದಲ್ಲಿ ತತ್ತ್ವ ಎರಡೇ, ಸ್ವತಂತ್ರ ಮತ್ತು ಅಸ್ವತಂತ್ರ. ಹರಿ ಒಬ್ಬನೇ ಸ್ವತಂತ್ರ. ಹಾಗಂತ ಜೀವ ಬರೀ ಗೊಂಬೆಯಲ್ಲ, ಅದೂ ಕರ್ತೃವೇ, ಆದರೆ ಹರಿಗೆ ಅಧೀನವಾದ ಕರ್ತೃ. ಕಾರಣಗಳ ಸರಪಳಿಯ ಜಾಗದಲ್ಲಿ ಅಲ್ಲಿ ದೇವರು ಇದ್ದಾನೆ, ಪ್ರಶ್ನೆಯ ಆಕಾರ ಅದೇ.

ಇದರಲ್ಲಿ ಕೊಳೆ ಇಲ್ಲವಾ?

ಇದೆ. ಜರ್ಮನ್ ತತ್ವಜ್ಞಾನಿ ಕಾಂಟ್ 1788ರಲ್ಲಿ ಈ ಹೊಂದಾಣಿಕೆಯನ್ನು ಬಡ ನುಣುಚಾಟ ಅಂತ ಬೈದ. ಒಮ್ಮೆ ಕೀಲಿ ಕೊಟ್ಟರೆ ತನ್ನಷ್ಟಕ್ಕೆ ತಿರುಗುವ, ಮಾಂಸ ಸುಡುವ ಸಲಾಕೆಗೂ ಇಂಥ ಸ್ವಾತಂತ್ರ್ಯ ಇದೆ ಅಂದ. ಅಮೆರಿಕದ ವಿಲಿಯಂ ಜೇಮ್ಸ್ 1884ರಲ್ಲಿ ಇದನ್ನು ಜಾರಿಕೊಳ್ಳುವವರ ಕೆಸರು ಗುಂಡಿ ಅಂತ ಕರೆದ. ಈಗಿನವರಲ್ಲಿ ಡರ್ಕ್ ಪೆರೆಬೂಮ್ 2001ರಲ್ಲಿ ಕೇಳಿದ ಪ್ರಶ್ನೆ ನನಗೆ ಇನ್ನೂ ಚುಚ್ಚುತ್ತದೆ. ಒಬ್ಬನ ತಲೆಯೊಳಗೆ ವಿಜ್ಞಾನಿಗಳು ಗುಂಡಿ ಒತ್ತಿ ಆಸೆ ಹುಟ್ಟಿಸಿ ಕೊಲೆ ಮಾಡಿಸಿದರೆ ಅವನು ಹೊಣೆಯಾ? ಅಲ್ಲ ಅನ್ನುತ್ತೇವೆ. ಹುಟ್ಟುವಾಗಲೇ ಅವನನ್ನು ಹಾಗೆ ರೂಪಿಸಿದ್ದರೆ? ಅಲ್ಲ. ಊರು, ಮನೆ ಸೇರಿ ಅವನನ್ನು ಹಾಗೇ ಬೆಳೆಸಿದ್ದರೆ? ಸ್ವಲ್ಪ ತಡವರಿಸುತ್ತ ಅಲ್ಲ ಅನ್ನುತ್ತೇವೆ. ಸರಿ, ಯಾರೂ ಬೇಕಂತ ಮಾಡದೆ ಬರೀ ಕಾರಣಗಳೇ ಅವನನ್ನು ಹಾಗೆ ಮಾಡಿದ್ದರೆ? ಗೆರೆ ಎಲ್ಲಿ ಎಳೆಯುತ್ತೀರಿ?

ನನಗೆ ಎಳೆಯಲು ಆಗಲಿಲ್ಲ. ಅದಕ್ಕೇ ನನ್ನ ಆಯ್ಕೆಯಲ್ಲಿ ಒಂದು ತೇಪೆ ಇದೆ. ದಿನದ ಬಾಳಿಗೆ ಹೊಂದಾಣಿಕೆಯ ನಿಲುವನ್ನೇ ಹಿಡಿದಿದ್ದೇನೆ. ಪಕ್ಕದವರನ್ನು ಕೇಳುತ್ತೇನೆ, ಅವರು ನನ್ನನ್ನು ಕೇಳಲಿ. ಆದರೆ "ಅವನಿಗೆ ಹಾಗೇ ಆಗಬೇಕು, ಒದ್ದಾಡಲಿ" ಅನ್ನುವ ಜಾಗ ಬಂದಾಗ ಪೆರೆಬೂಮ್ ಮಾತು ನೆನಪಾಗುತ್ತದೆ. ಆ ಲೈನ್ ಮನೆಯವರಿಗೆ ಕುಡಿತ ಎಲ್ಲಿಂದ ಬಂತು ಅಂತ ನನಗೆ ಗೊತ್ತು, ಅವರ ಅಪ್ಪನನ್ನೂ ನೋಡಿದ್ದೆ. ಕೆಲಸಕ್ಕೆ ಬಾರದ ದಿನ ಸಂಬಳ ಕೊಡಲಿಲ್ಲ, ಅದು ಸರಿ. ಅವರು ಬಿದ್ದು ಕೈ ಮುರಿದುಕೊಂಡಾಗ ಒಂದು ಗಳಿಗೆ ನನಗೆ ಸಮಾಧಾನ ಆಯಿತಲ್ಲ, ಅದು ಸರಿಯಲ್ಲ. ಯಾವ ನಿಲುವಿನಲ್ಲೂ ಅದಕ್ಕೆ ಜಾಗ ಸಿಗಲಿಲ್ಲ.

ಹಾಗಾದರೆ ಯಾರು ಯಾವುದನ್ನು ಹಿಡಿಯಬೇಕು

ಹಳೆಯ ತಪ್ಪೊಂದು ರಾತ್ರಿಯೆಲ್ಲ ಕೊರೆಯುತ್ತಿದ್ದರೆ, ಭಾವನ ನಿಲುವನ್ನು ಸ್ವಲ್ಪ ದಿನಕ್ಕೆ ಸಾಲ ತೆಗೆದುಕೊಳ್ಳಿ. ಮನೆಯಲ್ಲೇ ಇಟ್ಟುಕೊಳ್ಳಬೇಡಿ. ಬೇರೆಯವರ ತಪ್ಪಿಗೆ ಅದನ್ನು ಮೊದಲು ಬಳಸಿ, ಆಮೇಲೆ ನಿಮ್ಮದಕ್ಕೆ. ನಾವು ಮಾಡುವುದು ಉಲ್ಟಾ. ನಮ್ಮದಕ್ಕಾದರೆ ಕಾರಣ, ಅವರದ್ದಕ್ಕಾದರೆ ದುರುದ್ದೇಶ. ಕುಣಿಯಲಾರದವಳಿಗೆ ನೆಲ ಡೊಂಕು, ಪಕ್ಕದವಳು ಎಡವಿದರೆ ಅವಳ ಕಾಲೇ ಡೊಂಕು.

ಮಕ್ಕಳು ಓದದೆ "ನನ್ನ ಬ್ರೈನೇ ಹೀಗೆ" ಅನ್ನುವ ಮನೆಯಲ್ಲಿ ಹೆಂಡತಿಯ ನಿಲುವು ಒಂದು ವಾರಕ್ಕೆ ಕೆಲಸ ಮಾಡುತ್ತದೆ. ಅದಕ್ಕಿಂತ ಜಾಸ್ತಿ ಬಳಸಿದರೆ ಮನೆಯಲ್ಲಿ ಮಾತು ನಿಲ್ಲುತ್ತದೆ.

ತೀರ್ಮಾನ ತೆಗೆದುಕೊಳ್ಳುವ ಕೆಲಸ ಇರುವವರಿಗೆ, ಅಂದರೆ ನಮಗೆಲ್ಲ, ಹೊಂದಾಣಿಕೆಯ ನಿಲುವೇ ತಡೆಯುತ್ತದೆ. "ನೀರು ಬಿಡಬೇಕಿತ್ತು" ಅನ್ನುವ ಮಾತನ್ನು ನಾನು ಬಹಳ ದಿನ ಹೋದ ಮಾರ್ಚ್‌ಗೆ ಹೇಳುತ್ತಿದ್ದೆ. ಹೋದ ಮಾರ್ಚ್‌ಗೆ ಕಿವಿ ಇಲ್ಲ. ಆ ಮಾತು ಬರುವ ಮಾರ್ಚ್‌ಗೆ ಹೇಳಬೇಕಾದದ್ದು. ನಾನು ಮೋಡ ಕಂಡರೆ ಕಾಯುವ ಜಾತಿ ಅನ್ನುವುದು ನಿಜವಾದರೆ, ಅದೂ ಒಂದು ಕಾರಣ, ಅದರ ಪಕ್ಕದಲ್ಲಿ ಇನ್ನೊಂದು ಕಾರಣವನ್ನು ನಾನೇ ತಂದು ನಿಲ್ಲಿಸಬಹುದು. ನಮ್ಮ ಮೇಸ್ತ್ರಿ ಆವತ್ತೇ ಹೇಳಿದ್ದರು, ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ: "ಬರೋ ವರ್ಷ ಮೊಗ್ಗು ನೋಡಿ ನೀರು ಬಿಡೋಣ ಸಾರ್, ಮೋಡ ನೋಡೋದು ಬೇಡ."

ಈಗ ಹಾಗೇ ಮಾಡಿದ್ದೇವೆ. ಮೊಗ್ಗು ಬಲಿತಿದೆ ಅಂತ ಮೇಸ್ತ್ರಿ ಹೇಳಿದ ದಿನ ಎಂಜಿನ್ ಸ್ಟಾರ್ಟ್ ಆಗಬೇಕು, ನನ್ನನ್ನು ಕೇಳುವ ಹಾಗಿಲ್ಲ. ಈ ಸಲ ಫೆಬ್ರುವರಿ ಕೊನೆಯಲ್ಲಿ ಅವರು ಹ್ಯಾಂಡಲ್ ತಿರುಗಿಸುವಾಗ ಬೆಟ್ಟದ ಮೇಲೆ ಮೋಡ ಇತ್ತು. ನಾನು ಬೇಕಂತಲೇ ಮಡಿಕೇರಿಗೆ ಹೋಗಿಬಿಟ್ಟೆ. ನಾಲ್ಕನೇ ದಿನಕ್ಕೆ ಒಂದೂವರೆ ಇಂಚು ಹೊಡೆಯಿತು, ಚೆನ್ನಾಗಿ. ಚಿಕ್ಕಪ್ಪ ಜಗಲಿಯಿಂದ ಮಳೆ ನೋಡುತ್ತಾ, "ಡೀಸೆಲ್ ಸುಡೋದು ಬರೆದಿತ್ತು ನೋಡು" ಅಂದರು. ಭಾವ ಫೋನಿನಲ್ಲಿ ನಗುತ್ತಿದ್ದರು. ಮನೆಯವಳು ಡೀಸೆಲ್ ಬಿಲ್ಲನ್ನು ಒಮ್ಮೆ ನೋಡಿ, "ಎರಡು ದಿನ ಕಾಯಬಹುದಿತ್ತಲ್ಲ" ಅಂತ ಹೇಳಿ ಒಳಗೆ ಹೋದಳು.